ಬದಲಿಸದ ಪಾಸ್‌ವರ್ಡು

ಹತ್ರ ಬರ್ರಿ, ಮೆಲ್ಲಗ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ.

ಗಣಿ ಜೋರಿದ್ದಾಗ ನಾನು ಕೌಲ್ ಬಜಾರಿನ ಅದಿರು ಲಾರಿ ಆಫೀಸಿನಾಗ ಕಸ ಹೊಡೀತಿದ್ದೆ. ಲೋಡಿನ ಲೆಕ್ಕ ಇದ್ದದ್ದು ಹೈದರಾಬಾದಿನ ಯಾವುದೋ ಮಿಷಿನ್ನಿನಾಗ. ಪಾಸ್‌ವರ್ಡ್ ಇದ್ದವರು ಎಲ್ಲಿ ಕುಂತಾದ್ರೂ ಅದರೊಳಗ ಹೋಗಬಹುದಿತ್ತು. ಅದನ್ನ ನೋಡಿಕೊಳ್ಳೋ ಮನುಷ್ಯನ್ನ ಸಾವ್ಕಾರ ಜಗಳಾಡಿ ಬಿಡಿಸಿದ. ಬಾಗಿಲ ಬೀಗ ಬದಲಿಸಿ ನಿಂಬಿಹಣ್ಣು ಕಟ್ಟಿಸಿದ, ಆ ಮನುಷ್ಯಗ ಗೊತ್ತಿದ್ದ ಪಾಸ್‌ವರ್ಡ್ ಮಾತ್ರ ಹಂಗೇ ಬಿಟ್ಟ.

ಆಮ್ಯಾಲ ಲೋಡಿನ ಲೆಕ್ಕ ಅಳಿಸಿ ಹೋಗಾಕ ಹತ್ತಿತು. ಕಂಪ್ಯೂಟರ್ ಮುಂದ ಕೂಡ್ತಿದ್ದಾಕಿ ಸಿರುಗುಪ್ಪದ ರೇಷ್ಮಾ ಒಬ್ಬಾಕಿನೇ. "ಅದಿರು ಕದ್ದು ಲೆಕ್ಕ ಅಳಿಸಿದ್ದಿ, ನಿನ್ನ ಬಿಟ್ರ ಇನ್ಯಾರು ಮುಟ್ತಾರ?" ಅಂತ ಸಾವ್ಕಾರ ಆಕಿನ್ನ ಹೊರಗ ಹಾಕಿದ. ಕಳ್ಳಿ ಅನ್ನೋ ಹೆಸರು ಬಂದು, ನಿಶ್ಚಯ ಆಗಿದ್ದ ಆಕಿ ನಿಕಾಹ್ ಮುರೀತು.

ಒಂದಿನ ನಾನು ಆಕಿ ಖಾಲಿ ಕುರ್ಚಿ ಒರಸ್ತಿದ್ದೆ. ಪರದೆ ಮ್ಯಾಲಿನ ಬಾಣ ತಾನಾಗೇ ಹರಿದಾಡಿ ಲೆಕ್ಕ ಅಳಸಾಕ ಹತ್ತಿತು. ಸಾವ್ಕಾರನ್ನ ಕರೆದು ತೋರಿಸಿದೆ. ಅವನು ಬಾಗಿಲಾ ಹಾಕಿ, "ಅಜ್ಜೀ, ಈ ಮಾತು ಇಲ್ಲೇ ಇರ್ಲಿ," ಅಂದು ಪಾಸ್‌ವರ್ಡ್ ಬದಲಿಸಿದ. ರೇಷ್ಮಾಗ ಹೇಳಿ ಕಳಿಸಲಿಲ್ಲ.

ಇದನ್ನ ಬಾಜೂಮನಿ ಮಾಬಮ್ಮನ ಕಿವಿಯಾಗ ಹೇಳಿದೆ. ಆಕಿ ನನ್ನ ಮುಖಾನೇ ನೋಡಿ ಅಂದ್ಲು: "ಆ ಹುಡುಗಿ ಕಳ್ಳಿ ಅಂತ ನಳದ ಮುಂದ ನಿಂತು ಓಣಿಗೆಲ್ಲ ಕೇಳೋಹಂಗ ಹೇಳಿದ್ದಿ. ಕಳ್ಳಿ ಅಲ್ಲ ಅನ್ನೋದನ್ನ ಯಾಕಕ್ಕಾ ಇಷ್ಟು ಮೆಲ್ಲಗ ಹೇಳ್ತಿ?"