ಪರದೆಯನ್ನು ನಂಬದ ಆಚಿರೊ ಫಿಲ್ಡಾ

ಗುಲು ಪಟ್ಟಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಲ್ವೇಡೊ ರೇಡಿಯೊ ಕೇಂದ್ರದ ಕಾವಲುಗಾರ ಕೊಮಾಕೆಚ್ ಗೇಟಿನ ಸರಪಳಿ ಬಿಚ್ಚುವಷ್ಟರಲ್ಲಿ ಆಚಿರೊ ಫಿಲ್ಡಾ ಬಾಡಿಗೆ ಬೈಕಿನಿಂದ ಇಳಿದು ಒಳಗೆ ಬಂದಾಗಿರುತ್ತದೆ. ಚಪ್ಪಲಿಯ ಮಣ್ಣು ಒದರುತ್ತಲೇ ಅವರು ಕೇಳುವ ಮೊದಲ ಪ್ರಶ್ನೆಯಲ್ಲಿ ಕ್ಷೇಮ ಸಮಾಚಾರದ ಸೋಂಕೂ ಇರುವುದಿಲ್ಲ.

"ರಾತ್ರಿ ಯಾರು ಬಂದಿದ್ರು?"

"ಯಾರೂ ಬಂದಿಲ್ಲ, ಫಿಲ್ಡಕ್ಕ."

"ಯಾರೂ ಬರ್ದೆ ಕುರ್ಚಿ ತಾನಾಗೇ ಕಿಟಕಿ ಕಡೆ ತಿರುಗ್ಕೊಂಡಿದ್ಯಾ?"

"ಬೆಕ್ಕು ಬಂದಿರ್ಬೇಕು."

"ಬೆಕ್ಕು ಟೀ ಕುಡ್ದು ಲೋಟ ಬೇರೆ ಬಿಟ್ಟು ಹೋಗಿದೆ ನೋಡು."

ಕೊಮಾಕೆಚ್ ಹಲ್ಲು ಬಿಡುತ್ತಾನೆ. ಫಿಲ್ಡಾ ನಗುವುದಿಲ್ಲ. ಕೋಣೆಯಲ್ಲಿ ಮೂರು ಕಂಪ್ಯೂಟರುಗಳಿವೆ. ಮೂರರ ಮುಂದೆಯೂ ಒಂದೊಂದು ಗಳಿಗೆ ಸುಮ್ಮನೆ ನಿಂತು, ಕಳ್ಳನ ಮನೆಗೆ ಬಂದ ಪೊಲೀಸಿನವರ ಹಾಗೆ ನೋಡುತ್ತಾರೆ. ಆಮೇಲಷ್ಟೇ ಕೀಲಿಗಳ ಮೇಲೆ ಬೆರಳಿಡುತ್ತಾರೆ. ಏಳು ಗಂಟೆಗೆ ಸಾವಿನ ಪ್ರಕಟಣೆಗಳು ಗಾಳಿಗೆ ಹೋಗಬೇಕು. ಸುತ್ತಲಿನ ಹಳ್ಳಿಗಳವರು ಹೊಲಕ್ಕೆ ಹೊರಡುವ ಮೊದಲು ಗುದ್ದಲಿ ಹೆಗಲಿಗಿಟ್ಟುಕೊಂಡು ನಿಂತೇ ಅದನ್ನು ಕೇಳುತ್ತಾರೆ. ಹೆಸರು ನೆಂಟರದಾದರೆ ಗುದ್ದಲಿ ಅಲ್ಲೇ ಕೆಳಗಿಳಿಯುತ್ತದೆ, ಕಾಲು ಸಾವಿನ ಮನೆಯ ದಾರಿ ಹಿಡಿಯುತ್ತದೆ.

ಸಂಬಳದ ಪಟ್ಟಿಯಲ್ಲಿ ಫಿಲ್ಡಾ ಬರೀ ಕಚೇರಿ ಸಹಾಯಕಿ. ಆದರೆ ಪ್ರಕಟಣೆಗಳ ಫೈಲು ಸರಿಯಾದ ಜಾಗದಿಂದ ಹೊರಟು, ಸರಿಯಾದ ಯಂತ್ರದಲ್ಲಿ ತೆರೆದು, ಓದುವವನ ಕಣ್ಣ ಮುಂದೆ ಬಂದು ನಿಲ್ಲುವಂತೆ ಮಾಡುವುದು ಅವರ ಕೆಲಸ. ಹೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಮೂರು ಯಂತ್ರಗಳೂ ಮೂರು ಕಾಲದಲ್ಲಿ ಮೂರು ಕಡೆಯಿಂದ ದಾನವಾಗಿ ಬಂದವು. ಜನರು ಬಂದು ಪ್ರಕಟಣೆ ಬರೆಸುವ ಮುಂಗೋಣೆಯ ಯಂತ್ರದ್ದು ವಿಂಡೋಸ್. ಓದುವ ಕೋಣೆಯದ್ದು ಲಿನಕ್ಸ್. ವ್ಯವಸ್ಥಾಪಕರ ಮೇಜಿನ ಮೇಲಿರುವ ಮೂರನೆಯದಕ್ಕೆ ತನ್ನದೇ ಬಿಂಕ. ಮೂರರಲ್ಲೂ ಓಡುವಂಥ ಒಂದೇ ಟೆಕ್ಸ್ಟ್ ಎಡಿಟರ್ ಹುಡುಕಿ ಹಾಕಿದವರು ಫಿಲ್ಡಾ. ಎಡಿಟರ್ ಒಂದೇ ಆದರೂ, ಎಲ್ಲರಿಗೂ ಸೇರಿದ ಡಿಸ್ಕಿಗೆ ಹೋಗುವ ದಾರಿಯನ್ನು ಒಂದೊಂದು ಯಂತ್ರ ಒಂದೊಂದು ರೀತಿ ಹೇಳುತ್ತದೆ. ಒಂದು ಅಕ್ಷರ ಹಾಕಿ ಓರೆಗೆರೆಯನ್ನು ಎಡಕ್ಕೆ ವಾಲಿಸುತ್ತದೆ, ಇನ್ನೊಂದು ಬಲಕ್ಕೆ.

ಅದಕ್ಕೆ ಫಿಲ್ಡಾ ಪ್ರತಿ ಯಂತ್ರಕ್ಕೂ 'ಕ್ವೇನಾ' ಎಂಬ ಒಂದು ಹೆಸರು ಕಲಿಸಿಟ್ಟಿದ್ದಾರೆ. ಅಲ್ಲಿನ ಭಾಷೆಯಲ್ಲಿ ಕ್ವೇನಾ ಎಂದರೆ ಸುದ್ದಿ. ಬಲ್ಲವರು ಇಂಥ ಹೆಸರನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಎನ್ನುತ್ತಾರೆ. ಎಡಿಟರ್ ಎದ್ದ ಕೂಡಲೇ "ಕ್ವೇನಾ ಎಲ್ಲಿದೆ?" ಎಂದು ಯಂತ್ರವನ್ನು ಕೇಳುತ್ತದೆ, ಯಂತ್ರ ತನ್ನ ಭಾಷೆಯಲ್ಲಿ ದಾರಿ ಹೇಳುತ್ತದೆ.

"ತವರಲ್ಲಿ ನಾನು ಆಚಿರೊ, ಚರ್ಚಲ್ಲಿ ಫಿಲ್ಡಾ, ಗಂಡನ ಮನೇಲಿ ಲಾಕೊತ್‌ನ ತಾಯಿ. ಯಾರು ಹೆಂಗೇ ಕರೆದ್ರೂ ಓಗೊಡೋಳು ನಾನೊಬ್ಳೇ ತಾನೆ? ಇದೂ ಹಂಗೇ ಕಣಪ್ಪ," ಎಂದು ಅವರು ಪತ್ರಿಕೆಗೆ ಬರೆಯಲು ಬಂದವನಿಗೆ ವಿವರಿಸುತ್ತಾರೆ. ಮರುಕ್ಷಣವೇ ಕಣ್ಣು ಕಿರಿದಾಗುತ್ತದೆ. "ಯಾಕೆ ಇಷ್ಟೊಂದು ಕೇಳ್ತಿದ್ದೀಯ? ಯಾರು ಕಳಿಸಿದ್ದು ನಿನ್ನ?"

ಈ ಅನುಮಾನ ಹುಟ್ಟುಗುಣವಲ್ಲ. ಯುದ್ಧದ ವರ್ಷಗಳಲ್ಲಿ ಫಿಲ್ಡಾ ಬೆಳೆದದ್ದು ನಿರಾಶ್ರಿತರ ಕ್ಯಾಂಪಿನಲ್ಲಿ, ಒಂದರ ಸೂರು ಇನ್ನೊಂದಕ್ಕೆ ತಾಗುವಂತಿದ್ದ ಗುಡಿಸಲುಗಳ ನಡುವೆ. ಹಗಲು ಹುಲ್ಲು ತರಲು ಹೋದ ಅಣ್ಣ ಮತ್ತೆ ಬರಲಿಲ್ಲ. ಹಿಡಿಯಲು ಬಂದವರಿಗೆ ಅವನನ್ನು ಯಾರು ತೋರಿಸಿಕೊಟ್ಟರು ಎಂಬುದು ಇಂದಿಗೂ ಗೊತ್ತಿಲ್ಲ. "ಅಲ್ಲಿ ಯಾರು ಯಾರ ಕಡೆ ಅಂತ ತಿಳೀತಿರ್ಲಿಲ್ಲ. ನಗ್ತಾ ಬಂದೋರನ್ನೇ ಮೊದ್ಲು ಕಣ್ಣಿಟ್ಟು ನೋಡ್ಬೇಕಿತ್ತು. ಈಗ ಈ ಪರದೆ ಎಲ್ಲ ಸರಿ ಇದೆ ಅಂತ ತೋರಿಸಿದ್ರೂ ನಂಗೆ ಹಂಗೇ ಆಗುತ್ತೆ," ಎನ್ನುತ್ತಾರೆ. ಮಿಷನ್ನಿನ ಬೆರಳಚ್ಚು ಶಾಲೆಯಲ್ಲಿ ಕಲಿತು ರೇಡಿಯೊಗೆ ಬಂದರು. ಕಂಪ್ಯೂಟರನ್ನು ಯಾರೂ ಕಲಿಸಲಿಲ್ಲ. ಕೆಟ್ಟಾಗ ಎದುರು ಕೂತು, ಅದು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕುತ್ತಾ ಕಲಿತರು. ಗಂಡ ಜೂಬಾ ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಅವನ ಮೇಲೂ ಅನುಮಾನವಿದೆಯಂತೆ, ಆದರೆ ಅದನ್ನು ಪತ್ರಿಕೆಯಲ್ಲಿ ಬರೆಯಬಾರದೆಂದು ಕಟ್ಟಪ್ಪಣೆ.

ಇಷ್ಟು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವರ ಕೇಂದ್ರದಲ್ಲೇ ಹೋದ ಬಿತ್ತನೆಯ ಹೊತ್ತಿನಲ್ಲಿ ಆ ಎಡವಟ್ಟು ನಡೆಯಿತು. ಅಂದು ಬೆಳಿಗ್ಗೆ ಮಳೆಯಿಂದ ಬೈಕು ಹಳ್ಳಕ್ಕಿಳಿದು ಫಿಲ್ಡಾ ತಡವಾದರು. ಅವರು ಗೇಟಿಗೆ ಬರುವಷ್ಟರಲ್ಲಿ ಉದ್ಘೋಷಕ ಜೆನಾರೊ ಒಬ್ವೋನನ ಗಂಭೀರ ದನಿ ಕಾವಲುಗಾರನ ರೇಡಿಯೊದಿಂದ ಕೇಳುತ್ತಿತ್ತು. ಲಾಪೆಟ್ ಹಳ್ಳಿಯ ಸೆವೆರಿನೊ ಲಾಬೇಜಾ ತೀರಿಕೊಂಡಿದ್ದಾರೆ, ಗುರುವಾರ ತೊರೆಯ ಪಕ್ಕದ ಹೊಲದಲ್ಲಿ ಮಣ್ಣು ಮಾಡಲಾಗುವುದು, ದೂರದ ಹೆಣ್ಣುಮಕ್ಕಳು ಬೇಗ ಬರಬೇಕು.

ಲಾಬೇಜಾ ಸತ್ತು ವರ್ಷ ದಾಟಿತ್ತು.

ಅಷ್ಟೇ ಆಗಿದ್ದರೆ ಜನ ನಕ್ಕು ಸುಮ್ಮನಾಗುತ್ತಿದ್ದರೇನೋ. ಇಲ್ಲಿ ನೆಲದ ಹಕ್ಕು ಕೇಳುವವರು ಕಾಗದ ತೋರಿಸುವ ಮೊದಲು ಗೋರಿ ತೋರಿಸುತ್ತಾರೆ. ಲಾಬೇಜಾನನ್ನು ತೊರೆಯ ಪಕ್ಕ ಹೂಳಬೇಕೆಂದು ಹೆಂಡತಿ ಆಯಾ ಎಂಬವರು ಹೋದ ವರ್ಷ ರೇಡಿಯೊದಲ್ಲಿ ಹೇಳಿಸಿದ್ದು ನಿಜ. ಆ ಹೊಲ ತಮ್ಮದೆಂದು ಅದೇ ಹಳ್ಳಿಯ ಹಿರಿಯ ಲಾಕೊನಿಯ ಕಡೆಯವರು ಅಡ್ಡ ನಿಂತರು. ಕೊನೆಗೆ ಹೆಣವನ್ನು ಮನೆಯ ಕಣಜದ ಹಿಂದೆ ಮಣ್ಣು ಮಾಡಿ, ಜಗಳವನ್ನು ಅರ್ಧಕ್ಕೇ ಬಿಟ್ಟಿದ್ದರು. ಈಗ ರೇಡಿಯೊ ಮತ್ತೆ ತೊರೆಯ ಹೆಸರು ಹೇಳಿತು. ಹೆಣ ಕಿತ್ತು ತಂದು ಇಲ್ಲಿ ಹೂಳುತ್ತಾರೆ ಎಂದು ಲಾಕೊನಿಯ ಮಕ್ಕಳು ಮಚ್ಚು ಹಿಡಿದು ತೊರೆಯ ದಂಡೆಗೆ ಬಂದು ಕೂತರು. ಅತ್ತ ಕಿಟ್ಗುಮ್ ಕಡೆಯಿಂದ ಅಳುತ್ತಾ ಬಂದ ನೆಂಟರು ಯಾರಿಗಾಗಿ ಅಳಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತರು. ಅವತ್ತು ರಕ್ತ ಹರಿಯದೆ ಹೋದದ್ದೇ ಪುಣ್ಯ.

ಎಲ್ಲರ ಬೆರಳೂ ಜೆನಾರೊ ಕಡೆ ತಿರುಗಿತು. ಯಾಕೆಂದರೆ ಆಯಾ ಅವನಿಗೆ ಸ್ವಂತ ಸೋದರತ್ತೆ.

"ನಿನ್ನ ಮಾವ ಸತ್ತಿದ್ದು ನಿಂಗೇ ಗೊತ್ತಿರ್ಲಿಲ್ವಾ?" ಎಂದು ಕೇಂದ್ರದ ವ್ಯವಸ್ಥಾಪಕ ಒಡೋಕಿ ಮೇಜು ಗುದ್ದಿದರು.

"ಗೊತ್ತಿತ್ತು ಯಜಮಾನ್ರೇ. ಹೆಸರು ಬಾಯಿಂದ ಬಂದ್ಮೇಲೆ ಹೊಳೀತು. ತಿಥಿಯ ದೊಡ್ಡ ಕಾರ್ಯಕ್ಕೆ ಮನೆಯವ್ರೇ ಮತ್ತೆ ಕೊಟ್ಟಿದ್ದಾರೆ ಅನ್ಕೊಂಡೆ. ಸಾವಿನ ಸುದ್ದೀನ ನಡುವಲ್ಲಿ ನಿಲ್ಲಿಸ್ಬಾರ್ದಲ್ವಾ? ಅದೊಂದನ್ನ ಮುಗಿಸಿ, ಉಳಿದಿದ್ದನ್ನ ಓದ್ದೆ ಮುಚ್ಚಿಟ್ಟೆ."

"ಮುಂಚೆ ಒಂದ್ಸಲ ಓದಿ ನೋಡ್ಬಾರ್ದಿತ್ತಾ?"

"ಎರಡು ಸಲ ಓದಿದ್ರೆ ಆ ಮನೇಲಿ ಎರಡನೇ ಸಾವಾಗುತ್ತೆ ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು?"

ಒಲ್ವೇಡೊದ ಉದ್ಘೋಷಕರೆಲ್ಲ ನಡೆಸಿಕೊಂಡು ಬಂದ ಪದ್ಧತಿ ಅದು, ಒಡೋಕಿಯೂ ಹಾಗೆಯೇ ಓದಿ ಮೇಲೆ ಬಂದವರು. ಆದರೂ ಲಾಕೊನಿಯ ಕಡೆಯವರು ಗೇಟಿನಲ್ಲಿ ಕೂತಿದ್ದರು. ಶನಿವಾರದೊಳಗೆ ಇದು ಹೇಗಾಯಿತೆಂದು ತಿಳಿಯದಿದ್ದರೆ ಜೆನಾರೊ ಕೆಲಸ ಬಿಡಬೇಕು, ಅವನ ಹೆಸರು ಪೊಲೀಸರಿಗೆ ಹೋಗುತ್ತದೆ ಎಂದು ಒಡೋಕಿ ಅವರಿಗೆ ಹೇಳಿ ಕಳಿಸಿದರು. ಹೆಣದ ಹೆಸರಿನಲ್ಲಿ ನೆಲ ಮಾರಿಕೊಂಡವನು ಎಂಬ ಮಾತು ಒಮ್ಮೆ ಅಂಟಿದರೆ ಮತ್ತೆ ಯಾವ ರೇಡಿಯೊದಲ್ಲೂ ಅವನ ದನಿಯನ್ನು ಜನ ನಂಬುವುದಿಲ್ಲ.

ಫಿಲ್ಡಾ ಓದುವ ಕೋಣೆಯ ಯಂತ್ರದ ಮುಂದೆ ಕೂತರು. ದಿನಾ ಮಾಡುವಂತೆ ಪರದೆಯ ಮೇಲೆ ಟರ್ಮಿನಲ್ಲಿನ ಕಪ್ಪು ಕಿಟಕಿ ತೆರೆದು, ಆಜ್ಞೆ ಬರೆದು 'ಕ್ವೇನಾ ಎಲ್ಲಿ?' ಎಂದು ಕೇಳಿದರು. ಸರಿಯಾದ ದಾರಿಯೇ ಬಂತು. ಅಲ್ಲಿಂದಲೇ ಎಡಿಟರ್ ಎಬ್ಬಿಸಿದರು. ಆ ದಿನದ ಪ್ರಕಟಣೆಗಳೇ ಬಂದವು. ಎಲ್ಲರಿಗೂ ಸೇರಿದ ಡಿಸ್ಕನ್ನು ಮೂಲೆ ಮೂಲೆ ಜಾಲಾಡಿದರೂ ಲಾಬೇಜಾನ ಹೆಸರಿಲ್ಲ. ಮತ್ತೆ ಕೇಳಿದರು, ಮತ್ತೆ ಸರಿ. ಯಂತ್ರ ಸರಿಯಿದೆ ಎಂದಾದರೆ ಸುಳ್ಳು ಹೇಳುತ್ತಿರುವವರು ಇನ್ಯಾರು?

"ಜೆನಾರೊ, ನಿಜ ಹೇಳ್ಬಿಡು," ಎಂದರು ಬಾಗಿಲು ಮುಚ್ಚಿ. "ಅತ್ತೆ ಬಂದು ಕಣ್ಣೀರು ಹಾಕಿದ್ಲಾ? ಎಲ್ಲಿಂದ ತಂದೆ ಆ ಫೈಲು?"

ಜೆನಾರೊ ಕುರ್ಚಿ ಎಳೆದು ಕೂತ. ತೆರೆದಿದ್ದ ಎಡಿಟರನ್ನು ಮುಚ್ಚಿದ. "ಅವತ್ತು ಕೂತಿದ್ದು ಹಿಂಗೆ. ಮುಟ್ಟಿದ್ದು ಇದನ್ನ," ಎಂದು ಪರದೆಯ ಮೇಲಿನ ಎಡಿಟರಿನ ಚಿತ್ರವನ್ನು ಒತ್ತಿದ.

ಲಾಬೇಜಾ ಮತ್ತೆ ಸತ್ತಿದ್ದ. ಕೆಳಗೆ ಹೋದ ವರ್ಷದ ಇತರ ಪ್ರಕಟಣೆಗಳು ಸಾಲಾಗಿ ನಿಂತಿದ್ದವು.

ಫೈಲಿನ ಪೂರ್ತಿ ದಾರಿ ತೋರಿಸುವಂತೆ ಫಿಲ್ಡಾ ಎಡಿಟರನ್ನೇ ಕೇಳಿದರು. ಬಂದ ದಾರಿ ಡಿಸ್ಕಿನದ್ದಲ್ಲ, ಅದೇ ಯಂತ್ರದೊಳಗಿನ ಒಂದು ಮೂಲೆಯದ್ದು. ಆ ಮೂಲೆ ಅವರೇ ಮಾಡಿದ್ದು. ಎಡಿಟರ್ ಹೊಸದಾಗಿ ಹಾಕಿದಾಗ ಪರೀಕ್ಷೆಗೆಂದು ಆ ವಾರದ ಪ್ರಕಟಣೆಗಳನ್ನು ಅಲ್ಲಿ ನಕಲು ಮಾಡಿ, 'ಕ್ವೇನಾ ಸಿಗದಿದ್ದರೆ ಇಲ್ಲಿ ನೋಡು' ಎಂದು ಬರೆದಿಟ್ಟು ಮರೆತಿದ್ದರು. ಇನ್ನು ಕ್ವೇನಾ ಎಂಬ ಹೆಸರನ್ನು ಬರೆದದ್ದು ಕಪ್ಪು ಕಿಟಕಿ ತೆರೆದಾಗ ಮಾತ್ರ ಯಂತ್ರ ಓದುವ ಕಡತದಲ್ಲಿ. ಚಿತ್ರ ಒತ್ತಿ ಎಬ್ಬಿಸಿದ ಎಡಿಟರಿಗೆ ಆ ಹೆಸರು ಗೊತ್ತೇ ಇರಲಿಲ್ಲ. ದಿನಾ ಅವರೇ ಬೇಗ ಬಂದು ಕಪ್ಪು ಕಿಟಕಿಯಿಂದ ತೆರೆದಿಡುತ್ತಿದ್ದುದರಿಂದ ಇದು ಬಯಲಾಗದೆ ಉಳಿದಿತ್ತು. ಎಲ್ಲರನ್ನೂ ಅನುಮಾನಿಸಿದ ಫಿಲ್ಡಾ ತಾವು ತೆರೆಯುವ ರೀತಿಯೊಂದನ್ನು ಅನುಮಾನಿಸಿರಲಿಲ್ಲ.

ಮರುದಿನ ಹಿರಿಯ ಲಾಕೊನಿ ಊರುಗೋಲು ಕುಟ್ಟುತ್ತಾ ಬಂದರು. ಜೆನಾರೊನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫಿಲ್ಡಾ ನಡೆದದ್ದನ್ನೆಲ್ಲ ಹೇಳಿದರು. ಮುದುಕರು ಒಂದಕ್ಷರ ನಂಬಲಿಲ್ಲ.

"ನೀನು ಹೇಳ್ಕೊಟ್ಟಂಗೆ ತೋರಿಸುತ್ತೆ ಅದು. ಇವನಿಗೂ ನಿಂಗೂ ಏನು ನಂಟು?"

"ಲಾದಿತ್, ಹಿರಿಯರೇ, ನಾನು ಬಾಗಿಲ ಹೊರಗೆ ನಿಲ್ತೀನಿ. ನೀವೇ ಒತ್ತಿ ನೋಡಿ."

ಲಾಕೊನಿ ಚೇಳು ಮುಟ್ಟುವವರಂತೆ ಒತ್ತಿದರು. ಲಾಬೇಜಾನ ಸಾವು ಬಂತು. ಅವರು ಮೂಗು ಮುರಿದು ಮುಂದಿನದಕ್ಕೆ ಹೋದರು. ಹಣೆಯಲ್ಲಿ ಬಿಳಿ ಚುಕ್ಕೆ ಇರುವ ಕಡಸು ಕಳೆದಿದೆ, ಕಂಡವರು ಲಾಪೆಟ್ ಹಳ್ಳಿಯ ಲಾಕೊನಿಗೆ ತಿಳಿಸಿ.

"ಇದು ನಂದು!" ಎಂದು ಕೂಗಿದರು. "ಇದನ್ನ ಯಾರು ಬರೆಸಿದ್ದು?"

"ನೀವೇ, ಹೋದ ವರ್ಷ," ಎಂದರು ಫಿಲ್ಡಾ ಹೊರಗಿನಿಂದಲೇ. "ಕಡಸು ಸಿಕ್ತಾ?"

"ಸಿಕ್ಕಿ ಕರುನೂ ಹಾಕಿದೆ."

"ಮತ್ತೆ ಅದನ್ನ ಇವತ್ತು ಹುಡುಕಿಸೋಕೆ ನೀವು ನಮ್ಗೆ ಗುಟ್ಟಾಗಿ ಏನಾದ್ರೂ ಕೊಟ್ರಾ?"

ಲಾಕೊನಿ ಪರದೆಯನ್ನೂ ಜೆನಾರೊನನ್ನೂ ಬದಲಿಸಿ ಬದಲಿಸಿ ನೋಡಿದರು. "ಇಲ್ಲ," ಎಂದು ಮೆಲ್ಲಗೆ ಹೇಳಿ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಸಂಜೆಯೇ ತಿದ್ದುಪಡಿ ಪ್ರಸಾರವಾಯಿತು. ಮಚ್ಚುಗಳು ಮನೆ ಸೇರಿದವು. ತಪ್ಪು ನನ್ನದು ಎಂದು ಫಿಲ್ಡಾ ಎಲ್ಲರೆದುರು ಹೇಳಿದಾಗ ಒಡೋಕಿ ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಬೇರೆ ಯಾರಿಗೆ ಆ ಕೆಲಸ ಬರುತ್ತದೆ? ಜೆನಾರೊ ತನ್ನ ಕುರ್ಚಿಗೆ ಮರಳಿದ. ಈಗ ಯಂತ್ರ ಏಳುವಾಗಲೇ ಓದುವ ಜಾಗದಲ್ಲಿ ಕ್ವೇನಾ ಹೆಸರಿದೆ, ಹೇಗೆ ತೆರೆದರೂ ಅದೇ ದಾರಿ. ಪರೀಕ್ಷೆಯ ಹಳೆಯ ಮೂಲೆ ಅಳಿಸಿಹೋಗಿದೆ. ಹೆಸರು ಸಿಗದಿದ್ದರೆ ಎಡಿಟರ್ ಖಾಲಿ ಪುಟ ತೋರಿಸಿ ನಿಲ್ಲುತ್ತದೆ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಲಿ. ಹಳೇದನ್ನ ತಂದು ಹೊಸದು ಅಂತ ಮುಂದಿಡೋದು ಬೇಡ," ಎನ್ನುತ್ತಾರೆ ಫಿಲ್ಡಾ.

ಇವತ್ತೂ ಏಳಕ್ಕೆ ಸ್ವಲ್ಪ ಮೊದಲು ಜೆನಾರೊ ಬರುತ್ತಾನೆ. ಫಿಲ್ಡಾ ಕಪ್ಪು ಕಿಟಕಿಯಿಂದ ಒಮ್ಮೆ, ಚಿತ್ರ ಒತ್ತಿ ಒಮ್ಮೆ ತೆರೆದು ನೋಡಿ ಎದ್ದು ಜಾಗ ಬಿಡುತ್ತಾರೆ. "ಧನ್ಯವಾದ ಮೇಡಂ," ಎಂದು ತಲೆ ಬಗ್ಗಿಸಿ ಅವನು ಕೂರುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ, ಕೆಂಪು ದೀಪ ಹತ್ತುತ್ತದೆ.

ಹೊರಗಿನ ಬೆಂಚಿನ ಮೇಲೆ ಫಿಲ್ಡಾ ಹಾಲಿನ ಟೀ ಆರಿಸುತ್ತಾ ಕೂತಿದ್ದಾರೆ. ಸಂಬಳ ಹೆಚ್ಚಬೇಕೇ, ಹೊಸ ಯಂತ್ರ ಬೇಕೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ.

"ಯಂತ್ರಾನ ದಿನಾ ಅನುಮಾನಿಸ್ಬೋದು, ಅದಕ್ಕೆ ನೋವಾಗಲ್ಲ. ಜೆನಾರೊನ ಮಾತ್ರ 'ನಿಜ ಹೇಳ್ಬಿಡು' ಅಂತ ಕೇಳ್ಬಾರ್ದಿತ್ತು. ಮುಂಚೆಯೆಲ್ಲ ಬಂದ ತಕ್ಷಣ 'ಏ ಮುದುಕಿ, ಏಳು ಮೇಲೆ, ನಿನ್ನ ಪೊಲೀಸ್‌ಗಿರಿ ಸಾಕು' ಅಂತ ನನ್ನ ಕುರ್ಚಿ ಒದೀತಿದ್ದ. ನಾನು ಬೈದ್ರೆ ಇನ್ನೂ ಜಾಸ್ತಿ ಬೈತಿದ್ದ. ಆವತ್ತಿಂದ ಬರೀ ಮೇಡಂ," ಎಂದು ಲೋಟದೊಳಗೆ ನೋಡುತ್ತಾರೆ. "ನಂಗೆ ಇನ್ನೇನೂ ಬೇಡ ಕಣಪ್ಪ. ಒಂದಿನ ಅವನು ಬಂದು ಆ ಕುರ್ಚಿ ಒದ್ರೆ ಸಾಕು."