ಕಚ್ಚಿಸಿಕೊಳ್ಳುವ ನಾಯಿ

ಒಸಾಕಾದ ಬಾಕ್ಸಿಂಗ್ ಮಂದಿ ನಿಶಿವಾಕಿಯನ್ನು ಕರೆಯುತ್ತಿದ್ದದ್ದೇ ಹಾಗೆ, ಅದೂ ಮುಖದೆದುರಿಗೆ. ಕಾದಾಟದ ನಾಯಿ ಸಾಕುವವರು ಮರಿಗೆ ಧೈರ್ಯ ಬರಲೆಂದು ಅದರ ಮುಂದೆ ಒಂದು ಮುದಿ ನಾಯಿಯನ್ನು ಬಿಡುತ್ತಾರೆ. ಮರಿ ಕಚ್ಚಬೇಕು, ಮುದಿಯದು ಕಚ್ಚಿಸಿಕೊಳ್ಳಬೇಕು. ಯಾವ ಜಿಮ್ಮಿನ ಹೊಸ ಹುಡುಗ ನಾಲ್ಕು ಪಂದ್ಯ ಗೆದ್ದು ಎದೆಯುಬ್ಬಿಸಿದರೂ ಫೋನು ಬರುತ್ತಿದ್ದದ್ದು ನಿಶಿವಾಕಿಗೆ. ಹಗಲೆಲ್ಲ ಬೋಲ್ಟು ಕಾರ್ಖಾನೆ, ಸಂಜೆ ಜಿಮ್ಮು, ಕರೆ ಬಂದಾಗ ಎಂಟು ಸುತ್ತಿನ ಏಟು. ಸೋಲುವುದೇನು ಮಹಾ ಎನ್ನುವವರು ಒಮ್ಮೆ ಹಾಗೆ ಸೋತು ನೋಡಲಿ. ಇವನು ನಿಂತುಕೊಂಡೇ ಸೋಲುತ್ತಿದ್ದ. ಹುಟ್ಟಿದಾಗಿನಿಂದ ಯಾರ ಏಟಿಗೂ ನೆಲ ಕಂಡವನಲ್ಲ, ಅದೊಂದೇ ಅವನ ಆಸ್ತಿ.

ಪಂದ್ಯ ಮುಗಿದ ಮೇಲೆ ಗೆದ್ದ ಹುಡುಗ ಸೋತವನ ಕೋಣೆಗೆ ಬಂದು, ಸೊಂಟ ಬಗ್ಗಿಸಿ, "ಕಲಿತೆ ಅಣ್ಣಾ" ಎಂದು ಹೇಳಿ ಹೋಗಬೇಕು. ಆ ಮಾತಿಗಾಗಿ ನಿಶಿವಾಕಿ ಮುಖಕ್ಕೆ ಮಂಜುಗಡ್ಡೆ ಒತ್ತಿಕೊಂಡು ಕಾಯುತ್ತಿದ್ದ. ಎದುರಾಳಿಯ ತಪ್ಪು ಕಣ್ಣಿಗೆ ಬಿದ್ದರೆ ಅಲ್ಲಿಗೇ ಮೆಲ್ಲಗೆ ಒಂದು ತಟ್ಟಿ ತೋರಿಸುವುದು ಅವನ ರೂಢಿ. ತಟ್ಟಿಸಿಕೊಂಡವರಲ್ಲಿ ಇಬ್ಬರು ಮುಂದೆ ಚಾಂಪಿಯನ್ನರಾದರು. ಅವರು ಟಿವಿಯಲ್ಲಿ ಬಂದರೆ "ನನ್ನ ಹುಡುಗ" ಎನ್ನುವನು.

"ಹುಡುಗ್ರಿಗೆಲ್ಲ ಬೆಲ್ಟು, ನಿಮಗೆ ಮಾತ್ರ ಮಂಜುಗಡ್ಡೆ, ಅಲ್ವೇನ್ರೀ?" ಎಂದು ಹೆಂಡತಿ ಫುಮಿ ಮೂಲಂಗಿ ಹೆಚ್ಚುತ್ತ ಕುಟುಕುವಳು.

ಮೂವತ್ತೇಳು ತುಂಬಿದರೆ ಲೈಸೆನ್ಸು ಹೋಗುವ ಕಾಲ ಅದು. ನಿಶಿವಾಕಿಗೆ ಮೂವತ್ತೈದು. ಸೋಲುತ್ತ ಹೋದರೆ ಇನ್ನೆರಡು ವರ್ಷ ರಿಂಗಿನಲ್ಲಿರಬಹುದಿತ್ತು. ಗೆದ್ದರೆ ಮುಗಿಯಿತು, ತಿರುಗಿ ಕಚ್ಚುವ ಮುದಿ ನಾಯಿಯನ್ನು ಯಾರು ಕರೆಸುತ್ತಾರೆ?

ಆಗ ಸಿಕ್ಕವನು ಕುಗಾ, ಇಪ್ಪತ್ತರ ಹುಡುಗ. ಪಂದ್ಯಕ್ಕೆ ಮುಂಚೆ ಇಬ್ಬರ ತೂಕ ನೋಡುವ ದಿನ, ಫೋಟೋದವರ ಎದುರಿಗೇ, "ದಿಂಬು ತಂದಿದ್ದೀಯಾ ಮಾಮ? ಮೂರನೇ ಸುತ್ತಿಗೆ ಮಲಗಿಸ್ತೀನಿ" ಎಂದ. ಎಲ್ಲರೂ ನಕ್ಕರು, ನಿಶಿವಾಕಿಯೂ ನಕ್ಕ. ನಗದೆ ಏನು ಮಾಡುವುದು? ಆದರೆ ಮನೆಗೆ ಬಂದು ಮಲಗಿದಾಗ ತಲೆಯಡಿಯ ದಿಂಬೇ ಅವನನ್ನು ಚುಚ್ಚಿತು.

ಹುಡುಗನಲ್ಲಿ ವಿದ್ಯೆಯೇನೋ ಇತ್ತು. ಆದರೆ ಎಡಗೈಯಲ್ಲಿ ಹೊಡೆದು ವಾಪಸು ತರುವಾಗ ಅದನ್ನು ಕೆಳಗಿಳಿಸುತ್ತಿದ್ದ. ಎರಡನೇ ಸುತ್ತಿನಲ್ಲಿ ನಿಶಿವಾಕಿ ಆ ಸಂದಿಯಲ್ಲಿ ಅವನ ಗಲ್ಲಕ್ಕೆ ತಟ್ಟಿ ತೋರಿಸಿದ. ಮೂರರಲ್ಲಿ ಮತ್ತೆ ತಟ್ಟಿದ. ಕುಗಾ ನಾಲಗೆ ಚಾಚಿ ಅಣಕಿಸಿದ, ಕೈ ಮಾತ್ರ ಇಳಿಯುತ್ತಲೇ ಇತ್ತು.

ನಾಲ್ಕನೇ ಸುತ್ತು ಮುಗಿದಾಗ ನಿಶಿವಾಕಿಯ ಕಣ್ಣು ನೋಡಿ ಅವನ ಜಿಮ್ಮಿನ ಯಜಮಾನ ಟೊಕುನಾಗಾ ಕಿವಿಯಲ್ಲಿ ಹೇಳಿದ: "ಲೋ, ಯೋಚ್ನೆ ಮಾಡು. ಗೆದ್ರೆ ಕೆಟ್ಟೆ."

"ಗೊತ್ತು ಯಜಮಾನ್ರೇ. ಎರಡು ಸಲ ಹೇಳಿಕೊಟ್ಟೆ, ಅವನಿಗೆ ಕಿವಿ ಇಲ್ಲ."

ಐದನೆಯದರಲ್ಲಿ ತಟ್ಟಲಿಲ್ಲ, ಹೊಡೆದ. ಕುಗಾ ಮುಖ ಅಡಿಯಾಗಿ ಬಿದ್ದ, ಹತ್ತು ಎಣಿಸುವಷ್ಟರಲ್ಲಿ ಏಳಲಿಲ್ಲ.

ಗೆದ್ದವನು ಹೋಗಿ ನಮಿಸಬೇಕಲ್ಲ, ನಿಶಿವಾಕಿ ಹೋದ. ಅಂಥ ಹೊತ್ತಿನಲ್ಲಿ ಆಡುವುದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು. ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದ ಹುಡುಗನ ಬೆನ್ನಿಗೆ ಬಗ್ಗಿ, "ಕಲಿತೆ" ಎಂದ.

ಕುಗಾನ ಯಜಮಾನ ಕೆರಳಿಬಿಟ್ಟ. "ಗಾಯದ ಮೇಲೆ ಉಪ್ಪು ಸುರೀತೀಯೇನೋ? ನಿನ್ನ ಕರೆಸಿದ್ದು ಇದಕ್ಕಾ? ನಡಿ ಆಚೆ!"

ಅಣಕಿಸಿದ್ದಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ನಿಶಿವಾಕಿ ಆಚೆ ನಡೆದ. ಮನೆಯಲ್ಲಿ ಫುಮಿ ಹಬ್ಬಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಮಾಡಿ ಕಾದಿದ್ದಳು. ಅಂದು ಅವಳು ಕುಟುಕಲಿಲ್ಲ, ಅತ್ತಳು. ನಿಶಿವಾಕಿ ದವಡೆ ನೋವಿನಲ್ಲೇ ಎರಡು ಬಟ್ಟಲು ತಿಂದ. ಆ ಒಂದು ರಾತ್ರಿ ಅವನು ಸುಖವಾಗಿದ್ದ, ಸುಳ್ಳು ಯಾಕೆ ಹೇಳಬೇಕು?

ಆಮೇಲೆ ಫೋನು ಬರಲಿಲ್ಲ. ಲೈಸೆನ್ಸು ಕೈಯಲ್ಲಿದ್ದೂ ಎರಡು ವರ್ಷ ರಿಂಗು ಹತ್ತದೆ ಕಳೆದವು, ಕೊನೆಗೆ ಅದೂ ಹೋಯಿತು.

ಮತ್ತೊಂದು ವರ್ಷಕ್ಕೆ ಕೇರಿಯವರೆಲ್ಲ ದುಡ್ಡು ಕೊಟ್ಟು ಮೀಯುವ ಸ್ನಾನದ ಮನೆಯ ಗೋಡೆಯಲ್ಲಿ ಪಂದ್ಯದ ಪೋಸ್ಟರ್ ಕಂಡ. ಯಾವನೋ ಹೊಸ ಹುಡುಗನ ದೊಡ್ಡ ಚಿತ್ರ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎದುರಾಳಿ ಕುಗಾನ ಹೆಸರು. ಅಂದು ಮುರಿದ ಧೈರ್ಯ ಅವನಿಗೆ ಮರಳಿ ಬಂದಿರಲಿಲ್ಲ. ಸಾಲಾಗಿ ಸೋತ ಮೇಲೆ ಅವನ ಜಿಮ್ಮಿನವರು ಇಪ್ಪತ್ಮೂರಕ್ಕೇ ಅವನನ್ನು ಮರಿಗಳ ಮುಂದೆ ಬಿಟ್ಟಿದ್ದರು.

ನಿಶಿವಾಕಿ ಟಿಕೆಟ್ಟು ಕೊಂಡು ಹಿಂದಿನ ಸಾಲಿನಲ್ಲಿ ಕುಳಿತ. ಕುಗಾ ಎಂಟು ಸುತ್ತೂ ಏಟು ತಿಂದ, ಬೀಳಲಿಲ್ಲ. ಎಡಗೈ ಒಮ್ಮೆಯೂ ಕೆಳಗಿಳಿಯಲಿಲ್ಲ. ಹೊಸ ಹುಡುಗನ ತಪ್ಪು ಕಂಡಲ್ಲಿ ಮೆಲ್ಲಗೆ ತಟ್ಟಿ ತೋರಿಸುತ್ತಿದ್ದ.

ಪಂದ್ಯವಾದ ಮೇಲೆ ನಿಶಿವಾಕಿ ಕೋಣೆಯ ಬಾಗಿಲಲ್ಲಿ ನಿಂತ. ಕುಗಾ ಮಂಜುಗಡ್ಡೆಯನ್ನು ಮುಖದಿಂದ ತೆಗೆದು ನೋಡಿದ, ಕಷ್ಟಪಟ್ಟು ಎದ್ದು ಸೊಂಟ ಬಗ್ಗಿಸಿದ.

"ಕಲಿತೆ ಅಣ್ಣಾ."

ನಿಶಿವಾಕಿ ಆ ಮಾತನ್ನು ಎಷ್ಟೋ ಹುಡುಗರ ಬಾಯಲ್ಲಿ ಆಸೆಪಟ್ಟು ಕೇಳಿದ್ದ. ಇವನ ಬಾಯಲ್ಲಿ ಕೇಳಬಾರದಿತ್ತು.