ನಡುಗುವ ಪೆಟ್ಟಿಗೆಗೆ ಇಟ್ಟ ಎಡೆ

ಪೆಟ್ಟಿಗೆ ಮಾತಾಡಿತು. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ಕುಂದಾಪುರದ ನಮ್ಮ ಮನೆಯ ಚಾವಡಿಯಲ್ಲಿ, ನನ್ನ ಮೊಮ್ಮಗಳು ಅವಳ ಅಜ್ಜಯ್ಯನ ಪೆಟ್ಟಿಗೆಯನ್ನು ಮಾತಾಡಿಸಿದಳು. ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಪೆಟ್ಟಿಗೆ ಅದು. ಮೀನು ತರುವವಳಿಗೆ ಹೇಳಿದೆ, ಪಕ್ಕದ ಮನೆಯವರಿಗೆ ಹೇಳಿದೆ, ಗ್ಯಾಸ್ ತಂದವನಿಗೂ ಹೇಳಿದೆ. ಅವನು "ಒಳ್ಳೇದಾಯ್ತ್ ಅಮ್ಮ, ಖಾಲಿ ಸಿಲಿಂಡರ್ ಎಲ್ಲಿತ್ತ್?" ಎಂದ. ಇನ್ನು ಹೇಳಲು ಯಾರೂ ಉಳಿದಿಲ್ಲ, ಸಂತೋಷ ಮಾತ್ರ ಇನ್ನೂ ಮುಗಿದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು, ಒತ್ತಕ್ಷರ ತಪ್ಪಿದ್ದನ್ನು ಮೊಮ್ಮಗಳು ಸರಿಮಾಡುತ್ತಾಳಂತೆ.

ಪೆಟ್ಟಿಗೆ ಎಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್. ನನ್ನ ಗಂಡ ಪ್ರಾಯದಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅದೇ ಕಟ್ಟಡದಲ್ಲಿದ್ದ ಗೋವೆಯ ಮುದುಕರೊಬ್ಬರು ಅವರಿಗೆ ಗಿಟಾರು ಕಲಿಸಿ, ಕೈಲಾಗದ ಕಾಲಕ್ಕೆ ಈ ಪೆಟ್ಟಿಗೆಯನ್ನೂ ಕೊಟ್ಟರಂತೆ. ಊರಿಗೆ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಮೇಲೆ ಕೂರಿಸಿ ತಾವು ನಿಂತು ಬಂದವರು. ಮತ್ತೆ ಹಗಲು ಹಂಚಿನ ಕಾರ್ಖಾನೆ, ಸಂಜೆ ಮದುವೆ ಮನೆಗಳ ಆರ್ಕೆಸ್ಟ್ರಾ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರು ಬಾರಿಸದ ಚಪ್ಪರ ಕಡಿಮೆ.

ಕಪ್ಪು ಮೈ, ಎದುರಿಗೆ ಬೆಳ್ಳಿಯ ಬಣ್ಣದ ಬಟ್ಟೆ. ಹಿಂದಿನಿಂದ ಬಗ್ಗಿ ನೋಡಿದರೆ ಗಾಜಿನ ಬುರುಡೆಗಳು ನಿಧಾನ ಕೆಂಪಾಗುತ್ತಿದ್ದವು. ಒಲೆ ಹೊತ್ತಿದ ಹಾಗೆ ಬಿಸಿಯಾದ ಮೇಲೆಯೇ ಅದು ಬಾಯಿ ಬಿಡುವುದು. ಸಾಲಾಗಿ ತಿರುಪುಗಳು. ಕೊನೆಯ ಎರಡು ತಿರುಪು ವೈಬ್ರೇಟೊದವು, ಎಂದರೆ ಸ್ವರವನ್ನು ನಡುಗಿಸುವವು. ಎಷ್ಟು ಬೇಗ ನಡುಗಬೇಕು ಎನ್ನುವುದಕ್ಕೆ ಒಂದು, ಎಷ್ಟು ಆಳಕ್ಕೆ ಎನ್ನುವುದಕ್ಕೆ ಇನ್ನೊಂದು. ಕಟ್ಟಿಹಾಕಿದ ದೋಣಿಯಲ್ಲಿ ಒಂದು ಕಾಲಿಟ್ಟು ನಿಂತರೆ ಮೈ ಹೇಗೆ ತೂಗುತ್ತದೆಯೋ, ಆ ಸ್ವರ ಕೇಳಿದರೆ ಹಾಗಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನನಗೆ ಅದು ಅಳುವ ಹಾಗೆ ಕೇಳುತ್ತಿತ್ತು. "ಯಾರಿಗೆ ಹೊಡ್ದ್ ಅಳ್ಸ್ತಿದ್ರಿ?" ಎಂದರೆ "ಕಿವಿ ಹಿಂಡಿದ್ದಷ್ಟೇ ಮಾರಾಯ್ತಿ" ಎನ್ನುತ್ತಿದ್ದರು.

ಕೊನೆಯ ಎರಡು ವರ್ಷ ಅವರ ಬಲಗೈ ನಡುಗತೊಡಗಿತು. ಕಾಫಿಯ ಲೋಟ ಹಿಡಿದರೆ ಕಾಫಿಯ ಮೇಲೆ ಸಣ್ಣ ಸಣ್ಣ ಬಳೆ ಏಳುತ್ತಿತ್ತು. ಆರ್ಕೆಸ್ಟ್ರಾದವರಿಗೆ ಹೇಳಲಿಲ್ಲ. ಬೇಗದ ಹಾಡು ಬಿಟ್ಟರು, ನಿಧಾನದ ಹಾಡಿಗೆ ಮಾತ್ರ ಕೂತರು. ಮನೆಯಲ್ಲಿ ಒಂದು ಸಂಜೆ ಒಂದೇ ತಂತಿ ಮೀಟಿ, ಪೆಟ್ಟಿಗೆಯ ಕಿವಿಯನ್ನು, ಆ ಕೊನೆಯ ಎರಡು ತಿರುಪನ್ನು, ಚೂರುಚೂರೇ ತಿರುಗಿಸುತ್ತಾ ಎಷ್ಟೋ ಹೊತ್ತು ಕೂತಿದ್ದರು.

"ಎಂತ ಹುಡುಕ್ತ್ರಿ ಅದ್ರಗೆ?" ಎಂದು ಕೇಳಿದೆ.

"ನನ್ ಕೈದ್ ನಡುಕ ಇದ್ರ್ ನಡುಕಕ್ಕೆ ಸೇರ್ಸ್ತಿದ್ದೆ. ಎರ್ಡೂ ಒಂದೇ ಆರೆ ಜನಕ್ಕೆ ಗೊತ್ತಾತಿಲ್ಲ."

ಜನಕ್ಕೆ ಗೊತ್ತಾಗಲಿಲ್ಲ. ಬೈಂದೂರಿನ ಒಂದು ಮದುವೆಯಲ್ಲಿ ಬಾರಿಸಿ ಬಂದ ವಾರದೊಳಗೆ ತೀರಿಕೊಂಡರು.

ಎಲ್ಲ ಕಾರ್ಯ ಮುಗಿದ ದಿನ ನನ್ನ ತಮ್ಮ ಚಾವಡಿಯಲ್ಲಿ ಕೂತವನು, ಪೆಟ್ಟಿಗೆ ಸರಿಯಿದೆಯೋ ನೋಡುವ ಎಂದು ಸ್ವಿಚ್ಚು ಹಾಕಿದ. ಗಿಟಾರು ಗೋಡೆಯಲ್ಲಿ ನೇತಾಡುತ್ತಿತ್ತು, ತಂತಿ ಯಾರೂ ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಹೂಂ ಎಂದು ಬಂತು. ಬಂದು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಮಲಗಿದವರು ಉಸಿರು ಬಿಟ್ಟ ಹಾಗೆ. ತಮ್ಮನ ಮುಖ ಬಿಳಿಚಿತು. ನಾನು ಓಡಿ ಹೋಗಿ ವಯರು ಕಿತ್ತೆ. ಕಿತ್ತ ಮೇಲೂ ಅದು ಒಂದು ಗಳಿಗೆ ಉಸಿರಾಡಿ ಆಮೇಲೆ ನಿಂತಿತು. ಅವರು ಇದರೊಳಗಿದ್ದಾರೆ ಎಂದು ಆ ಕ್ಷಣವೇ ನನಗೆ ಖಾತ್ರಿಯಾಯಿತು.

ನಮ್ಮ ಮನೆಯಲ್ಲಿ ತೀರಿಹೋದವರಿಗೆ ವರ್ಷಕ್ಕೊಮ್ಮೆ ಒಳಕೋಣೆಯಲ್ಲಿ ಎಡೆ ಇಡುವ ಕ್ರಮ. ಬಾಳೆಲೆಯಲ್ಲಿ ಮಾಡಿದ್ದೆಲ್ಲ ಬಡಿಸಿ, ಎಲೆಯ ಸುತ್ತ ನೀರು ಬಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವುದು. ಅವರು ಉಣ್ಣುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಗೆ ಹೋಗುವುದು. ಎಲ್ಲರೂ ಎಲೆಯನ್ನು ನೆಲಕ್ಕೆ ಹಾಕುತ್ತಾರೆ. ನಾನು ಪೆಟ್ಟಿಗೆಯನ್ನೇ ಒಳಕೋಣೆಗೆ ಸಾಗಿಸಿ ಅದರ ಮೇಲೆ ಹಾಕಿದೆ. ಅವರು ಅಲ್ಲಿರುವಾಗ ನೆಲಕ್ಕೇಕೆ? ಅನ್ನ, ಸಾರು, ಪಾಯಸ, ಸುತ್ತ ನೀರು. ಹದಿನೆಂಟು ವರ್ಷ ಬಿಡದೆ ಇಟ್ಟೆ. ಸ್ವಿಚ್ಚು ಮುಟ್ಟಲು ಯಾರಿಗೂ ಬಿಡಲಿಲ್ಲ. ಕೆಲವು ಮಧ್ಯಾಹ್ನ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಹೆದ್ದಾರಿಯಲ್ಲಿ ಲಾರಿ ಹೋದರೆ ಅದರ ಬಟ್ಟೆ ಸಣ್ಣಗೆ ಅದುರುತ್ತಿತ್ತು, ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು, ಏಳಲೂ ಮನಸ್ಸಾಗುತ್ತಿರಲಿಲ್ಲ.

ಮೊಮ್ಮಗಳು ನನ್ನ ಮಗಳ ಮಗಳು. ಅಜ್ಜಯ್ಯನನ್ನು ನೋಡಿದ ನೆನಪು ಅವಳಿಗಿಲ್ಲ, ಆದರೆ ಗಿಟಾರು ಅವಳ ಕೈಗೆ ಹೇಗೋ ಬಂತು. ಬ್ರಹ್ಮಾವರದಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಆ ಪೆಟ್ಟಿಗೆ ಕೊಡಿ ಎಂದು ನಾಲ್ಕು ವರ್ಷ ಕೇಳಿದಳು. ನಾನು ಕೊಡಲಿಲ್ಲ. ಬಿಚ್ಚಿದರೆ ಅವರು ಹೊರಟುಹೋದರೆ? ಕಡೆಗೆ ಅವಳು ಕೇಳುವುದು ಬಿಟ್ಟು, ಅದೇ ಕಂಪನಿಯವರು ಹಳೆಯ ಮಾದರಿಯಲ್ಲೇ ಮತ್ತೆ ಮಾಡಿದ ಹೊಸ ಪೆಟ್ಟಿಗೆ ತರಿಸಿದಳು. "ಕಾಂಬುಕಾರೂ ಬನ್ನಿ ಅಮ್ಮಮ್ಮ" ಎಂದು ನೋಡಲು ಕರೆದಳು.

ಬ್ರಹ್ಮಾವರದ ಅವಳ ಕ್ಲಾಸಿನ ಬಾಗಿಲಲ್ಲಿ ನನ್ನ ಕಾಲು ನಿಂತೇಬಿಟ್ಟಿತು. ಅದೇ ಕಪ್ಪು ಮೈ, ಅದೇ ಬೆಳ್ಳಿಯ ಬಟ್ಟೆ. ನಮ್ಮದು ಪ್ರಾಯಕ್ಕೆ ತಿರುಗಿ ಬಂದು ಕೂತ ಹಾಗೆ. ಅವಳು ಒಂದು ತಂತಿ ಮೀಟಿದಳು. ಸ್ವರ ನಡುಗಿತು, ಅದೇ ದೋಣಿ ತೂಗಿದ ಹಾಗೆ. ನನ್ನ ಕೈಯ ರೋಮ ಎದ್ದಿತು. ಇವರು ಇಲ್ಲಿಗೆ ಹೇಗೆ ಬಂದರು? ಕಣ್ಣು ಮುಚ್ಚಿ ಕೇಳಿದೆ. ಕೇಳಿದಷ್ಟೂ ಎಂತದೋ ಕಡಿಮೆ. ಚಂದವಾಗಿಯೇ ನಡುಗುತ್ತಿತ್ತು, ಆದರೆ ಅದು ಯಾರ ನಡುಕವೂ ಅಲ್ಲ.

"ಇದ್ರಗೆ ನಿನ್ನ ಅಜ್ಜಯ್ಯ ಇಲ್ಲ" ಎಂದೆ.

ಅವಳು ನಗಲಿಲ್ಲ. "ಹಂಗಾರೆ ಹಳೀದ್ರಗೆ ಇದ್ರಾ ಇಲ್ಯಾ ಕಾಂಬನಾ ಅಮ್ಮಮ್ಮ? ಬಿಚ್ಚುವತಿಗೆ ನೀವೇ ಬದಿಗೆ ಕೂಕಣಿ."

ಸಾಲಿಗ್ರಾಮದಲ್ಲಿ ಒಬ್ಬರಿದ್ದಾರೆ. ಯಕ್ಷಗಾನ ಮೇಳಗಳ ಮೈಕು, ಹಳೆಯ ರೇಡಿಯೊ ರಿಪೇರಿ ಮಾಡಿ ತಲೆ ನೆರೆತವರು. ರಿಕ್ಷಾದಲ್ಲಿ ಪೆಟ್ಟಿಗೆಯನ್ನು ತೊಡೆಗೆ ಒರಗಿಸಿಕೊಂಡು ಹೋದೆ. ಅವರು ಹಿಂದಿನ ಹಲಗೆ ತೆಗೆದು, ಟಾರ್ಚು ಬಿಟ್ಟು, ಬಗ್ಗಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಾ ಕೂತೆ.

"ಹ್ವಾಯ್ ಅಮ್ಮ, ಇದ್ರೊಳ್ಗೆ ಅನ್ನದ ಅಗಳ್ ಇತ್ತಲೆ. ನಿಮ್ಮನಿ ಇಲಿ ಎಲ್ಲ ಇಲ್ಲೇ ಉಂಬುದಾ?"

ಚಿಮುಟದಲ್ಲಿ ಒಂದೊಂದೇ ತೆಗೆದು ಪೇಪರಿನ ಮೇಲಿಟ್ಟರು. ಒಣಗಿದ ಅಗಳು, ಪಾಯಸದ ಗೋಡಂಬಿಯ ಒಂದು ಚೂರು, ಸತ್ತ ಇರುವೆಗಳ ಸಾಲು. ನಾನು ಎಲೆಯ ಸುತ್ತ ಬಿಟ್ಟ ನೀರು ಮೇಲಿನ ಸಂದಿಯಲ್ಲಿ ಇಳಿದು ತಗಡೆಲ್ಲ ತುಕ್ಕು, ಸ್ಪೀಕರಿನ ಕಾಗದವೂ ಹರಿದಿತ್ತು. ನನಗೆ ಮುಖ ಎತ್ತಲಾಗಲಿಲ್ಲ. ಉಣ್ಣಲಿ ಎಂದು ವರ್ಷ ವರ್ಷ ಅವರ ಗಂಟಲಿಗೆ ನಾನೇ ಅನ್ನ ತುರುಕಿದ್ದೆ. ಎಡೆಯ ವಿಷಯ ಮೊಮ್ಮಗಳು ಮೆಲ್ಲಗೆ ಹೇಳಿದಳು. ರಿಪೇರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಸ್ದ್ ಕೂಕಂಡಿರ್ಲಿಲ್ಲ ಅಂದ್ರಾತ್ ಬಿಡಿ" ಎಂದರು.

ತಮ್ಮ ಸ್ವಿಚ್ಚು ಹಾಕಿದ ದಿನದ ಉಸಿರಿನ ಬಗ್ಗೆಯೂ ಕೇಳಿದೆ. ಅವರು ಒಂದು ಕಿರುಬೆರಳಿನಷ್ಟು ಸಾಮಾನು ತೋರಿಸಿದರು. ಅದರೊಳಗೆ ಒಂದು ಪುಟ್ಟ ದೀಪ, ಅದನ್ನೇ ನೋಡುತ್ತಿರುವ ಒಂದು ಕಣ್ಣು. ದೀಪ ಮಿಣುಕಿದ ಹಾಗೆ ಕಣ್ಣು ಸದ್ದನ್ನು ಏರಿಸಿ ಇಳಿಸುತ್ತದಂತೆ. ಆ ದಿನ ನಡುಕದ ತಿರುಪು ಹಾಕಿಯೇ ಇತ್ತು, ಹಾಗಾಗಿ ಪೆಟ್ಟಿಗೆಯ ಬರೀ ಹೂಂಕಾರವೇ ನಡುಗಿತ್ತು, ಅಷ್ಟೇ. ಅರ್ಥವಾಯಿತು. ಆದರೂ ಮುಚ್ಚಿದ ಪೆಟ್ಟಿಗೆಯ ಕತ್ತಲೆಯಲ್ಲಿ ಒಂದು ದೀಪ, ಅದನ್ನು ನೋಡುವ ಒಂದು ಕಣ್ಣು ಎಂದ ಮೇಲೆ, ಹೆದರಿಕೆ ಕಡಿಮೆಯಾಗುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಆ ದೀಪ ಸತ್ತಿತ್ತು, ಹೊಸದು ತರಿಸಬೇಕಿತ್ತು. ರಿಪೇರಿಯವರು ತಿರುಪುಗಳನ್ನು ತೊಳೆಯಲು ಕೈ ಹಾಕಿದಾಗ ನನಗೆ ಥಟ್ಟನೆ ಹೊಳೆಯಿತು.

"ಅದ್ ತಿರ್ಗ್ಸ್ಬೇಡಿ. ಅವ್ರ್ ಇಟ್ಟದ್ ಹಂಗೇ ಇತ್ತ್."

"ತೊಳೀದೆ ಆಪ್ದಿಲ್ಲ ಅಮ್ಮ."

"ಹಂಗಾರೆ ಗುರ್ತ್ ಹಾಕಿ."

ಅವರು ಪೆನ್ಸಿಲಿನಿಂದ ಎರಡು ತಿರುಪಿನ ಪಕ್ಕದಲ್ಲೂ ಸಣ್ಣ ಗೆರೆ ಎಳೆದರು. ಬದಲಾಯಿಸಿದ ಹಳೆಯ ಸಾಮಾನನ್ನೆಲ್ಲ ಕೇಳಿ ತೆಗೆದುಕೊಂಡೆ. ಸತ್ತ ದೀಪ ಈಗ ನನ್ನ ಎಲೆ ಅಡಿಕೆಯ ಡಬ್ಬದಲ್ಲಿದೆ.

ನಿನ್ನೆ ಪೆಟ್ಟಿಗೆ ಮನೆಗೆ ಬಂತು. ಮಗಳು, ಅಳಿಯ, ಮೊಮ್ಮಗಳು, ನಾನು, ಎಲ್ಲರೂ ಚಾವಡಿಯಲ್ಲಿ. ಗಾಜಿನ ಬುರುಡೆಗಳು ಕೆಂಪಾದವು. ಮೊಮ್ಮಗಳು ಎರಡು ತಿರುಪನ್ನೂ ಪೆನ್ಸಿಲ್ ಗೆರೆಗೆ ಸರಿಯಾಗಿ ತಂದು ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅಜ್ಜಯ್ಯನ ಗಿಟಾರಿನ ಒಂದೇ ತಂತಿ ಮೀಟಿದಳು.

ಆ ವೇಗ ನನಗೆ ಗೊತ್ತಿತ್ತು. ಕಾಫಿಯ ಮೇಲೆ ಬಳೆ ಏಳುತ್ತಿದ್ದ ವೇಗ. ರಾತ್ರಿ ಹೊದಿಕೆಯ ಮೇಲೆ ನಾನು ಕೈಯಿಟ್ಟು ಹಿಡಿದರೂ ನಿಲ್ಲದ ಕೈ. ಅದು ಚಾವಡಿ ತುಂಬ ನಡುಗಿತು, ಗೋಡೆಯ ಫೋಟೋದ ಗಾಜು ಅದಕ್ಕೆ ಸರಿಯಾಗಿ ಟಿಕ್ ಟಿಕ್ ಎಂದಿತು. ಮೊಮ್ಮಗಳ ಕೈ ಗಟ್ಟಿಯಾಗಿತ್ತು, ಅಲುಗಲೇ ಇಲ್ಲ. ಅವಳ ಕೈಯಿಂದ ಹೊರಟದ್ದು ಅವರ ಕೈಯಾಗಿ ಬರುತ್ತಿತ್ತು.

"ಇದ್ರಾ ಅಮ್ಮಮ್ಮ?" ಎಂದು ಕೇಳಿದಳು.

ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದೆ. ಅವಳು ಎಷ್ಟು ಸಲ ಮೀಟಿದಳೋ ಲೆಕ್ಕವಿಲ್ಲ. ಕಡೆಗೆ ಅಳಿಯ "ಅತ್ತೆ, ಮಾವ ಒಂದೇ ತಂತಿ ಬಾರ್ಸುದಾರೆ ನಾ ಮೀನ್ ತಪ್ಪುಕ್ ಹೋತೆ" ಎಂದು ಮೀನು ತರುವ ಚೀಲ ಹಿಡಿದು ಹೊರಟ. ಆಗ ನಗು ಬಂತು, ನಗುವಿನ ಹಿಂದೆಯೇ ಅಳು.

ಸಂಜೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಕಾಣೆ ಮೀನು, ಮಗಳು ಮಾಡಿದ ಪಾಯಸ. ಎಡೆಯ ದಿನವಲ್ಲ, ಆದರೂ ಕೈ ತಡೆಯಲಿಲ್ಲ, ಐದು ಎಲೆ ಕೊಯ್ದೆ. ಒಂದನ್ನು ಹಿಡಿದುಕೊಂಡು ಅಭ್ಯಾಸದಲ್ಲಿ ಪೆಟ್ಟಿಗೆಯ ಹತ್ತಿರ ಹೋದವಳು ನಿಂತೆ. ಮೊಮ್ಮಗಳು ನೋಡುತ್ತಿದ್ದಳು. ಆ ಎಲೆಯನ್ನು ತಂದು ಸಾಲಿನಲ್ಲಿ, ನನ್ನ ಪಕ್ಕದಲ್ಲಿ, ನೆಲಕ್ಕೆ ಹಾಕಿದೆ. ಬಾಗಿಲು ಯಾರೂ ಎಳೆಯಲಿಲ್ಲ.

"ಅಪ್ಪಯ್ಯನಿಗೆ ಬಾಲದ್ ತುಂಡ್ ಹಾಕ್ಬೇಡ ಅಬ್ಬೆ, ತಲೆ ಹಾಕ್" ಎಂದಳು ಮಗಳು.

"ತಲೆ ನಂಗಂತ ಇಟ್ಟದ್" ಎಂದ ಅಳಿಯ.

ತಲೆಯನ್ನು ಆ ಎಲೆಗೇ ಹಾಕಿದೆ. ಸ್ವಿಚ್ಚು ಆರಿಸಿದ ಪೆಟ್ಟಿಗೆ ಮೂಲೆಯಲ್ಲಿ ತಣಿಯುತ್ತಾ ಆಗೊಮ್ಮೆ ಈಗೊಮ್ಮೆ ಚಿಟ್ ಎನ್ನುತ್ತಿತ್ತು. ಅಳಿಯ ಪ್ರತಿಸಲವೂ ತಿರುಗಿ ನೋಡುತ್ತಿದ್ದ. "ಉಣ್ಣಿ, ಅವ್ರೂ ಈಗ ಉಣ್ತಿದ್ರ್" ಎಂದು ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.